ಮನೆಯಲ್ಲೇ ಟರ್ಬೊ ಅಳವಡಿಸಿದ ಎಸ್ಟೀಮ್: 5200 ಆರ್‌ಪಿಎಂ ದಾಟಿದ ಮೇಲೆ ಶಕ್ತಿ ಏಕೆ ಕುಸಿಯುತ್ತಿದೆ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ಅಂತರಸನಹಳ್ಳಿಯ ನಮ್ಮ ಶೆಡ್ಡಿನಲ್ಲಿ ಎರಡು ವರ್ಷಗಳಿಂದ ಭಾನುವಾರಗಳಂದು ಕೆಲಸ ಮಾಡಿ, 1298 ಸಿಸಿಯ ಹಳೆಯ ಮಾರುತಿ ಎಸ್ಟೀಮ್‌ಗೆ ಒಂದು ಸಣ್ಣ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ), ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮತ್ತು ಲ್ಯಾಪ್‌ಟಾಪಿನಿಂದ ಮ್ಯಾಪ್ (ಪೆಟ್ರೋಲ್ ಮತ್ತು ಕಿಡಿಯ ಲೆಕ್ಕದ ಪಟ್ಟಿ) ಬದಲಿಸಬಹುದಾದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅಳವಡಿಸಿದ್ದೇನೆ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು ನಿಮಿಷಕ್ಕೆ 190 ಸಿಸಿಯವು. ಪೆಟ್ರೋಲ್ ಪಂಪನ್ನು ಮಾತ್ರ ಹೆಚ್ಚು ಸಾಮರ್ಥ್ಯದ್ದಕ್ಕೆ ಬದಲಿಸಿದ್ದೇನೆ. ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂತಹ ಬದಲಾವಣೆಗೆ ಅವಕಾಶ ಕೊಡುವುದಿಲ್ಲವಾದ್ದರಿಂದ ಟ್ರೇಲರ್ ಮೇಲೆಯೇ ಸಾಗಿಸುತ್ತೇನೆ. ಶ್ರೀಪೆರಂಬುದೂರಿನ ಟ್ರ್ಯಾಕ್‌ನಲ್ಲಿ ಓಡಿಸಬೇಕೆಂಬುದು ನನ್ನ ಆಸೆ.

ಕಳೆದ ವಾರ ಬೆಂಗಳೂರಿನ ಒಂದು ಡೈನೊ (ಚಕ್ರದ ಶಕ್ತಿ ಅಳೆಯುವ ಯಂತ್ರ) ಮೇಲೆ ಗಾಡಿಯನ್ನು ಕಟ್ಟಿಸಿ, 0.5 ಬಾರ್ ಬೂಸ್ಟ್‌ನಲ್ಲಿ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ) ಮೂರು ಬಾರಿ ಪರೀಕ್ಷಿಸಿದೆವು. ಚಕ್ರದಲ್ಲಿ 96 ಎಚ್‌ಪಿ 5200 ಆರ್‌ಪಿಎಂನಲ್ಲಿ ಬಂತು. ಅಲ್ಲಿಂದ ಮುಂದೆ ಗೆರೆ ಇಳಿಯುತ್ತಾ ಹೋಗಿ 5800ರಲ್ಲಿ 89ಕ್ಕೆ ಬಂದು ನಿಂತಿತು. ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರ್‌ನಲ್ಲಿ ಗಾಳಿ–ಪೆಟ್ರೋಲ್ ಅನುಪಾತ 4500ರಲ್ಲಿ 11.8 ಇದ್ದದ್ದು 5800ರಲ್ಲಿ 13.1 ಆಗಿತ್ತು. ಬೂಸ್ಟ್ ಮಾತ್ರ ಕೊನೆಯವರೆಗೂ 0.5ರಲ್ಲೇ ನಿಂತಿತ್ತು. ಡೈನೊ ನಡೆಸುವವರು ಎರಡು ಹಾಳೆ ಕೊಟ್ಟಿದ್ದಾರೆ: ಹವೆಯ ತಿದ್ದುಪಡಿ ಇಲ್ಲದ್ದರಲ್ಲಿ 96, ತಿದ್ದುಪಡಿ ಮಾಡಿದ್ದರಲ್ಲಿ 106. ಇವುಗಳಲ್ಲಿ ಯಾವುದನ್ನು ನಂಬಬೇಕು? ಚಕ್ರದಲ್ಲಿ 120 ಎಚ್‌ಪಿ ಪಡೆಯಲು ಬೂಸ್ಟನ್ನು 0.8ಕ್ಕೆ ಏರಿಸಿದರೆ ಸಾಕೇ?

ಉತ್ತರ 1 (ಶಿರಾದಿಂದ)

ಸರ್, ಬೂಸ್ಟ್ ಏರಿಸುವ ಮಾತನ್ನು ದಯವಿಟ್ಟು ಸದ್ಯಕ್ಕೆ ಬದಿಗಿಡಿ. ಬೂಸ್ಟ್ ಕುಸಿಯದೆ ಅನುಪಾತ ಮಾತ್ರ 11.8ರಿಂದ 13.1ಕ್ಕೆ ಏರಿದೆ ಎಂದರೆ ಗಾಳಿ ಸರಿಯಾಗಿಯೇ ಬರುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ. ಬೂಸ್ಟ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡುವ ಎಂಜಿನ್ನಿಗೆ 11.5ರಿಂದ 12ರ ಆಸುಪಾಸಿನ ಮಿಶ್ರಣ ಬೇಕು. ಹೆಚ್ಚುವರಿ ಪೆಟ್ರೋಲ್ ಸಿಲಿಂಡರಿನೊಳಗಿನ ಬಿಸಿಯನ್ನು ತಗ್ಗಿಸಿ ಪಿಸ್ಟನ್ನನ್ನು ಕಾಯುತ್ತದೆ. ಈ ಸ್ಥಿತಿಯಲ್ಲಿ 0.8 ಬಾರ್ ಕೊಟ್ಟರೆ ಒಂದೇ ಓಟದಲ್ಲಿ ಪಿಸ್ಟನ್ ಕರಗಬಹುದು. ಎರಡು ವರ್ಷ ಕಷ್ಟಪಟ್ಟು ಕಟ್ಟಿದ ಗಾಡಿ ನಿಮ್ಮದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೊರತೆ ಎಲ್ಲಿದೆ ಎಂಬುದನ್ನು ಪತ್ತೆ ಮಾಡಬೇಕಾದರೆ ಪೆಟ್ರೋಲಿನ ಒತ್ತಡ ಅಳೆಯಬೇಕು. ನಿಮ್ಮ ರೆಗ್ಯುಲೇಟರ್‌ಗೆ (ಪೆಟ್ರೋಲ್ ಒತ್ತಡ ಹಿಡಿದಿಡುವ ಭಾಗ) ಮ್ಯಾನಿಫೋಲ್ಡ್‌ನಿಂದ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಪೈಪ್ ಕೊಟ್ಟಿದ್ದರೆ, ಮೂಲ ಒತ್ತಡ 3 ಬಾರ್ ಇರುವ ಗಾಡಿಯಲ್ಲಿ 0.5 ಬೂಸ್ಟ್ ಬಂದಾಗ ಮೀಟರ್ 3.5 ತೋರಿಸಬೇಕು, ಕೊನೆಯ ಆರ್‌ಪಿಎಂವರೆಗೂ ಅಲ್ಲೇ ನಿಲ್ಲಬೇಕು. ಮೀಟರನ್ನು ಪೆಟ್ರೋಲ್ ಪೈಪಿನ ಸಮೇತ ಕಾರಿನ ಒಳಗೆ ತರಬೇಡಿ. ಬಾನೆಟ್ಟಿನ ಹೊರಗೆ ವೈಪರಿಗೆ ಟೇಪಿನಿಂದ ಕಟ್ಟಿದರೆ ಸೀಟಿನಿಂದಲೇ ಗಾಜಿನ ಮೂಲಕ ಓದಬಹುದು. ಮುಳ್ಳು ಇಳಿದರೆ ತಪ್ಪು ಪಂಪ್, ಫಿಲ್ಟರ್ ಅಥವಾ ವೈರಿಂಗ್‌ನಲ್ಲಿದೆ. ಮುಳ್ಳು ಅಲುಗದೆ ನಿಂತರೂ ಮಿಶ್ರಣ ತೆಳುವಾದರೆ (ಪೆಟ್ರೋಲ್ ಕಡಿಮೆಯಾದರೆ) ಇಂಜೆಕ್ಟರ್ ಸಾಲದು.

ಉತ್ತರ 2 (ಚಿಕ್ಕಬಳ್ಳಾಪುರದಿಂದ)

ಎರಡು ಹಾಳೆಗಳ ಬಗ್ಗೆ ನಾನು ಹೇಳುತ್ತೇನೆ. ಸಾಮಾನ್ಯವಾಗಿ ಡೈನೊಗಳಲ್ಲಿ ಬಳಸುವ ಎಸ್‌ಎಇ ಜೆ1349 ತಿದ್ದುಪಡಿಯು ಫಲಿತಾಂಶವನ್ನು 25 ಡಿಗ್ರಿ ಸೆಲ್ಸಿಯಸ್ ಮತ್ತು 99 ಕಿಲೋಪಾಸ್ಕಲ್ ವಾಯುಭಾರಕ್ಕೆ ಹೊಂದಿಸುತ್ತದೆ. ನಮ್ಮ ಬಯಲುಸೀಮೆ ಎತ್ತರದಲ್ಲಿದೆ; ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್, ಬೆಂಗಳೂರು ಇನ್ನೂ ಎತ್ತರ. ಅಲ್ಲಿನ ವಾಯುಭಾರ 91 ಕಿಲೋಪಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಟರ್ಬೊ ಇಲ್ಲದ ಎಂಜಿನ್ ಈ ತೆಳುಗಾಳಿಯಿಂದ ಸುಮಾರು ಶೇ 8ರಷ್ಟು ಗಾಳಿಯನ್ನು ಕಳೆದುಕೊಳ್ಳುತ್ತದೆ, ಆ ಲೆಕ್ಕಕ್ಕೆ ತಿದ್ದುಪಡಿ ನ್ಯಾಯವಾದದ್ದು. ಆದರೆ ಬೂಸ್ಟಿಗೆ ಮಿತಿ ಹಾಕುವ ನಿಮ್ಮ ವೇಸ್ಟ್‌ಗೇಟ್ ಸ್ಪ್ರಿಂಗ್ ಹೊರಗಿನ ಗಾಳಿಗಿಂತ 0.5 ಬಾರ್ ಹೆಚ್ಚನ್ನು ಹಿಡಿದಿಡುವುದರಿಂದ ಮ್ಯಾನಿಫೋಲ್ಡಿನಲ್ಲಿ ಇಲ್ಲಿ 1.41 ಬಾರ್, ತಿದ್ದುಪಡಿಯ ಪರಿಸ್ಥಿತಿಯಲ್ಲಿ 1.49 ಬಾರ್ ಇರುತ್ತದೆ. ವ್ಯತ್ಯಾಸ ಶೇ 6ಕ್ಕೂ ಕಡಿಮೆ. ಆದ್ದರಿಂದ 106 ಎಂಬುದು ನಿಮ್ಮ ಗಾಡಿಗೆ ಸ್ವಲ್ಪ ಉದಾರವಾದ ಅಂಕಿ.

ನನ್ನ ಅಭಿಪ್ರಾಯದಲ್ಲಿ ಅಂಕಿಗಿಂತ ಗೆರೆಯ ಆಕಾರವೇ ಮುಖ್ಯ. ಅದೇ ಡೈನೊ, ಅದೇ ಗೇರು, ಅದೇ ಟಯರ್ ಗಾಳಿ ಇಟ್ಟುಕೊಂಡು, ಬದಲಾವಣೆಗೆ ಮೊದಲು ಮತ್ತು ನಂತರ ತಿದ್ದುಪಡಿ ಇಲ್ಲದ ಹಾಳೆಯನ್ನೇ ಹೋಲಿಸಿ. ಪ್ರತಿ ಓಟಕ್ಕೂ ಮೊದಲು ಇಂಟರ್‌ಕೂಲರ್ ನಂತರದ ಗಾಳಿಯ ಉಷ್ಣಾಂಶ ಒಂದೇ ಮಟ್ಟಕ್ಕೆ ಇಳಿಯುವವರೆಗೆ ಕಾಯಿರಿ. ಫ್ಯಾನ್ ಸಣ್ಣದಿದ್ದ ಒಂದು ಕಡೆ ಮೂರನೆಯ ಓಟದಲ್ಲಿ ನನ್ನ ಗಾಡಿಯ ಶಕ್ತಿ ಇಳಿದದ್ದನ್ನು ಕಂಡು, ಇಲ್ಲದ ದೋಷವನ್ನು ಎರಡು ದಿನ ಹುಡುಕಿದ್ದೆ.

ಉತ್ತರ 3 (ಗುಬ್ಬಿಯಿಂದ)

ಶಿರಾದ ಗೆಳೆಯರ ಮಾತು ಸರಿ, ಆದರೆ ಸ್ಪಾರ್ಕ್ ಪ್ಲಗ್ ನೋಡದೆ ಮುಂದಿನ ಓಟಕ್ಕೆ ಹೋಗಬೇಡಿ. ನಾಲ್ಕನ್ನೂ ಬಿಚ್ಚಿ, ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದರೆ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಶುರುವಾಗಿದೆ. ಬೆಳ್ಳಿಯಂತೆ ಮಿನುಗುವ ಕಣಗಳಿದ್ದರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ, ಅಲ್ಲಿಗೇ ನಿಲ್ಲಿಸಿ ಹೆಡ್ ಬಿಚ್ಚುವುದು ಒಳ್ಳೆಯದು. ನಾಕಿಂಗನ್ನು ಕೇಳಿಸಿಕೊಳ್ಳಲು, ಒಂದು ತಾಮ್ರದ ಕೊಳವೆಯ ತುದಿಯನ್ನು ಚಪ್ಪಟೆ ಮಾಡಿ ಬ್ಲಾಕಿನ ಬೋಲ್ಟಿಗೆ ಬಿಗಿದು, ಅದರಿಂದ ರಬ್ಬರ್ ಪೈಪ್ ಎಳೆದು ಕಿವಿಗೆ ಹಾಕುವ ಇಯರ್‌ಮಫ್‌ಗೆ ಸೇರಿಸಿದರೆ ಸಾಕು. ಡೈನೊದ ಆ ಗದ್ದಲದಲ್ಲೂ ಗಾಜಿನ ಮೇಲೆ ಹರಳು ಎರಚಿದಂತಹ ಶಬ್ದ ಸ್ಪಷ್ಟವಾಗಿ ಕೇಳುತ್ತದೆ.

ಇನ್ನೊಂದು ವಿಷಯ: ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅಂತಹ ಪೆಟ್ರೋಲಿಗೆ ಸಮತೋಲನದ ಅನುಪಾತ (ಗಾಳಿ, ಪೆಟ್ರೋಲ್ ಎರಡೂ ಉಳಿಯದೆ ಉರಿಯುವ ಪ್ರಮಾಣ) 14.7 ಅಲ್ಲ, ಹೆಚ್ಚುಕಡಿಮೆ 13.6. ಅದೇ ಗಾಳಿಗೆ ಸುಮಾರು ಶೇ 8ರಷ್ಟು ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ. ಮೀಟರನ್ನು ಲ್ಯಾಂಬ್ಡಾಕ್ಕೆ (ಅಳೆದ ಅನುಪಾತವನ್ನು ಸಮತೋಲನದ ಅನುಪಾತದಿಂದ ಭಾಗಿಸಿದ ಅಂಕಿ) ಹಾಕಿಟ್ಟು 0.8ರ ಸುತ್ತ ಹೊಂದಿಸಿದರೆ ಈ ಗೊಂದಲವೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು (ತುಮಕೂರು), ಹತ್ತು ದಿನಗಳ ನಂತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಪ್ಲಗ್‌ಗಳು ಸ್ವಚ್ಛವಾಗಿದ್ದವು, ಮೂರನೆಯ ಸಿಲಿಂಡರಿನದು ಮಾತ್ರ ಉಳಿದವುಗಳಿಗಿಂತ ಬೆಳ್ಳಗಿತ್ತು. ಮೀಟರನ್ನು ವೈಪರಿಗೆ ಕಟ್ಟಿ ಓಡಿಸಿದಾಗ 3.5ರಲ್ಲಿದ್ದ ಮುಳ್ಳು 5000 ದಾಟುತ್ತಿದ್ದಂತೆ ಇಳಿಯಲಾರಂಭಿಸಿ, 5800ರಲ್ಲಿ 2.9ಕ್ಕೆ ಬಂತು. ಹಿಂದಿನ ಸೀಟು ಎತ್ತಿ ಪಂಪಿನ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇಟ್ಟರೆ, ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದಾಗ ಅಲ್ಲಿ ಕೇವಲ 10.9. ತಪ್ಪು ನನ್ನದೇ: ದೊಡ್ಡ ಪಂಪ್ ಹಾಕಿ ಹಳೆಯ ಸಣ್ಣ ತಂತಿಗೇ ಜೋಡಿಸಿದ್ದೆ, ಜೋಡಣೆಯ ಜಾಗದಲ್ಲಿ ಇನ್ಸುಲೇಶನ್ ಟೇಪು ಬಿಸಿಗೆ ಕಂದಿಹೋಗಿತ್ತು.

ಬ್ಯಾಟರಿಯಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸು, ನಡುವೆ ರಿಲೇ ಹಾಕಿ, ಹಳೆಯ ತಂತಿಯನ್ನು ರಿಲೇ ಚಾಲೂ ಮಾಡಲು ಮಾತ್ರ ಬಳಸಿದೆ. ಅರ್ತ್ ತಂತಿಯನ್ನೂ ಬಣ್ಣ ಕೆರೆದು ಬಾಡಿಗೆ ಹೊಸದಾಗಿ ಬಿಗಿದೆ. ಈಗ ಪಂಪಿನಲ್ಲಿ 13.4 ವೋಲ್ಟ್ ಬರುತ್ತಿದೆ. ಅದೇ ಡೈನೊ, ಅದೇ ಬೂಸ್ಟ್, ಅದೇ ಟೈಮಿಂಗ್ (ಕಿಡಿ ಹಾರುವ ಹೊತ್ತು): ಮುಳ್ಳು 3.5ರಿಂದ ಅಲುಗಲಿಲ್ಲ, ಅನುಪಾತ 11.9, ತಿದ್ದುಪಡಿ ಇಲ್ಲದೆ 5900ರಲ್ಲಿ 101 ಎಚ್‌ಪಿ. ಆದರೆ ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಸಮಯದ ಪಾಲು) ಶೇ 95 ಮುಟ್ಟಿದ್ದರಿಂದ ಅಲ್ಲಿಗೇ ನಿಲ್ಲಿಸಿದೆವು.

ಉತ್ತರ 1 (ಶಿರಾದಿಂದ)

ಬಹಳ ಸಂತೋಷವಾಯಿತು ಸರ್. ನಿಮ್ಮ ಅಂಕಿಗಳು ಲೆಕ್ಕಕ್ಕೂ ಹೊಂದುತ್ತವೆ: ಬೂಸ್ಟ್ ಕಳೆದು ಇಂಜೆಕ್ಟರಿಗೆ ಸಿಗುತ್ತಿದ್ದ ಒತ್ತಡ 3.0ರಿಂದ 2.4ಕ್ಕೆ ಇಳಿದಿತ್ತು, ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ ಶೇ 10ಕ್ಕೂ ಹೆಚ್ಚು ಪೆಟ್ರೋಲ್ ಕಡಿಮೆ ಬಿದ್ದು 11.8 ಇದ್ದದ್ದು 13ರ ಆಚೆ ಹೋಗಿತ್ತು.

ಇನ್ನು 120ರ ಮಾತು. ಗೇರ್‌ಬಾಕ್ಸ್ ಮತ್ತು ಟಯರಿನ ನಷ್ಟ ಶೇ 15 ಎಂದು ಹಿಡಿದರೆ ಎಂಜಿನ್ 141 ಎಚ್‌ಪಿ ಕೊಡಬೇಕು. ಟರ್ಬೊ ಎಂಜಿನ್ನಿಗೆ ಗಂಟೆಗೆ ಒಂದು ಎಚ್‌ಪಿಗೆ ಸುಮಾರು 270 ಗ್ರಾಂ ಪೆಟ್ರೋಲ್ ಎಂಬ ರೂಢಿಯ ಲೆಕ್ಕದಲ್ಲಿ ಒಟ್ಟು 38 ಕೆ.ಜಿ., ನಾಲ್ಕು ಇಂಜೆಕ್ಟರ್‌ಗಳಿಗೆ ಹಂಚಿ ಡ್ಯೂಟಿ ಶೇ 80ಕ್ಕೆ ಮಿತಿಗೊಳಿಸಿದರೆ ಪ್ರತಿಯೊಂದೂ ನಿಮಿಷಕ್ಕೆ 270 ಸಿಸಿ. ಎಥೆನಾಲಿನ ಪಾಲನ್ನೂ ಸೇರಿಸಿ 300 ಸಿಸಿಯದನ್ನೇ ತನ್ನಿ. ಅವನ್ನು ಹಾಕಿದ ಮೇಲೆ ಮೊದಲು ಇದೇ 0.5 ಬೂಸ್ಟ್‌ನಲ್ಲಿ ಮ್ಯಾಪನ್ನು ಪೂರ್ತಿ ಹೊಸದಾಗಿ ಹೊಂದಿಸಿ, ನಂತರ 0.1 ಬಾರ್‌ನಂತೆ ಏರಿಸುತ್ತಾ, ಪ್ರತಿ ಮೆಟ್ಟಿಲಿನಲ್ಲೂ ಟೈಮಿಂಗನ್ನು ಒಂದೂವರೆ ಡಿಗ್ರಿಯಷ್ಟು ಹಿಂದಕ್ಕೆ ತಂದು ಶುರುಮಾಡಿ. ಮೂರನೆಯ ಸಿಲಿಂಡರಿನ ಪ್ಲಗ್ಗನ್ನು ಮಾತ್ರ ಪ್ರತಿ ಓಟದ ನಂತರವೂ ಬಿಚ್ಚಿ ನೋಡಿ.