ನಜರೆಯಲ್ಲಿ ಅಮ್ಮನೊಂದಿಗೆ ನಾಲ್ಕು ದಿನ: ಹೋಗಿ ಬಂದವರು ತಿಳಿಸುವಿರಾ?

ಮೈಸೂರಿನಿಂದ ಪ್ರಶ್ನೆ: ಸೆಪ್ಟೆಂಬರಿನಲ್ಲಿ ಅಮ್ಮನನ್ನು ಪೋರ್ಚುಗಲ್‌ಗೆ ಕರೆದೊಯ್ಯುತ್ತಿದ್ದೇನೆ. ಲಿಸ್ಬನ್ ನೋಡಿಕೊಂಡು, ನಜರೆ ಎಂಬ ಮೀನುಗಾರರ ಊರಿನಲ್ಲಿ ನಾಲ್ಕು ದಿನ ಆರಾಮವಾಗಿ ಇರುವ ಆಸೆ. ಅಮ್ಮನಿಗೆ ಮಂಡಿನೋವಿದೆ, ನಾವು ಸಸ್ಯಾಹಾರಿಗಳು.

ಕಾರವಾರದಿಂದ: ನಾಲ್ಕು ದಿನ ಇಟ್ಟುಕೊಂಡಿರುವುದು ಒಳ್ಳೆಯದಾಯಿತು. ಬೆಳಿಗ್ಗೆ ಬಂದು ಸಂಜೆಗೆ ಮರಳುವವರಿಗೆ ಆ ಊರು ಸಿಗುವುದೇ ಇಲ್ಲ. ಸಮುದ್ರದ ದಂಡೆಯಲ್ಲಿ ಮೀನು ಒಣಗಿಸುವ ಜಾಗಕ್ಕೆ ಬೆಳಗಿನ ಹೊತ್ತು ಹೋಗಿ. ಕರಪಾವ್ ಎಂಬ ಮೀನನ್ನು ಸೀಳಿ, ಉಪ್ಪು ಹಿಡಿಸಿ, ಪುಸ್ತಕ ತೆರೆದಂತೆ ಬಿಡಿಸಿ, ಬಲೆ ಬಿಗಿದ ಮರದ ಚೌಕಟ್ಟುಗಳ ಮೇಲೆ ಹರಡಿರುತ್ತಾರೆ. ಒಬ್ಬ ಅಜ್ಜಿ ಒಂದೊಂದನ್ನೇ ಎತ್ತಿ, ಬೆರಳಿನಿಂದ ಒತ್ತಿ ನೋಡಿ ಮಗುಚುತ್ತಿದ್ದರು. ನನ್ನ ಅಜ್ಜಿ ಬಂಗುಡೆಯನ್ನು ಒತ್ತಿ ನೋಡುತ್ತಿದ್ದುದೂ ಹಾಗೆಯೇ. ಅರ್ಧ ಗಂಟೆ ಅಲ್ಲಿಂದ ಕದಲಲಾಗಲಿಲ್ಲ. ವಾಸನೆ ಅಮ್ಮನಿಗೆ ಹಿಡಿಸದಿದ್ದರೆ ಗಾಳಿ ಬರುವ ಕಡೆಗೆ ನಿಲ್ಲಿಸಿ. ಪಟ ತೆಗೆಯುವ ಮುನ್ನ ದಯವಿಟ್ಟು ಕೇಳಿ, ಅದು ಅವರ ಕೆಲಸದ ಜಾಗ.

ಹಿಂದೆ ಅಲ್ಲಿ ಬಂದರು ಇರಲಿಲ್ಲ. ಅಲೆ ದಾಟಿ ಬಂದ ದೋಣಿಗಳನ್ನು ಎತ್ತು ಕಟ್ಟಿ ಮರಳಿಗೆ ಎಳೆಯುತ್ತಿದ್ದರು. ಹೋದವರೆಲ್ಲ ಮರಳುತ್ತಾರೆಂಬ ಭರವಸೆ ಇರಲಿಲ್ಲ. ದಡದಲ್ಲಿ ಕಾಯುತ್ತ ಕೂರುವ ಹೆಂಗಸರು ಚಳಿಗೆ ಒಂದರ ಮೇಲೊಂದು ಏಳು ಲಂಗ ತೊಡುತ್ತಿದ್ದರೆಂದು ಊರಿನವರು ಹೇಳುತ್ತಾರೆ. ಈಗಲೂ ಕೆಲವು ಹಿರಿಯ ಹೆಂಗಸರದು ಅದೇ ಉಡುಗೆ. ಬಂದರು ಆದದ್ದು 1980ರ ದಶಕದಲ್ಲಿ; ದಂಡೆಯ ಮೇಲೆ ಕಾಣುವ ಬಣ್ಣದ ದೋಣಿಗಳು ಇಂದು ನೋಡುವುದಕ್ಕಷ್ಟೇ.

ಕೋಣೆ ಬಾಡಿಗೆಗಿದೆ ಎಂಬ ಫಲಕ ಹಿಡಿದ ಹೆಂಗಸರು ಬೀದಿಯಲ್ಲೇ ಸಿಗುತ್ತಾರೆ. ಹಳೆಯ ಮನೆಗಳ ಮೆಟ್ಟಿಲು ಕಡಿದು, ಆದ್ದರಿಂದ ನೆಲಮಹಡಿಯನ್ನೇ ಕೇಳಿ. ನಮ್ಮ ಮನೆಯೊಡತಿ ಕೈಗೆ ಕೀಲಿ ಕೊಡುತ್ತ ‘ಶಾವ್’ ಎಂದಾಗ ನನ್ನ ತಾಯಿ ಥಟ್ಟನೆ ‘ಚಾವಿ!’ ಎಂದರು. ನಮ್ಮ ಮಾತಿಗೆ ಪೋರ್ಚುಗೀಸರಿಂದಲೇ ಬಂದ ಪದ. ಆಮೇಲೆ ಇಬ್ಬರಿಗೂ ಭಾಷೆಯ ಅಡ್ಡಿಯೇ ಉಳಿಯಲಿಲ್ಲ.

ಲಿಸ್ಬನ್‌ನಿಂದ: ಇಲ್ಲಿಂದ ನಜರೆಗೆ ಬಸ್ಸಿನಲ್ಲೇ ಹೋಗಿ, ಎರಡು ಗಂಟೆಯೊಳಗಿನ ದಾರಿ. ನಜರೆ ಹೆಸರಿನ ರೈಲು ನಿಲ್ದಾಣ ಊರಿನಿಂದ ಕೆಲವು ಕಿಲೋಮೀಟರ್ ದೂರದ ವಲಾದು ದುಶ್ ಫ್ರಾದಶ್‌ನಲ್ಲಿದೆ. ಬಂಡೆಯ ಮೇಲಿನ ಸೀತಿಯು ಎಂಬ ಊರಿನ ಮೇಲ್ಭಾಗಕ್ಕೆ ಅಮ್ಮನನ್ನು ನಡೆಸಬೇಡಿ. 1889ರಿಂದ ಓಡುತ್ತಿರುವ ಹಗ್ಗದ ರೈಲು ಇದೆ. ಸೆಪ್ಟೆಂಬರ್ 8ರ ಆಸುಪಾಸು ಮೇರಿ ಮಾತೆಯ ಹಬ್ಬ, ಕೋಣೆಯನ್ನು ಮೊದಲೇ ಗೊತ್ತುಮಾಡಿ. ನಜರೆಗೆ ಹೆಸರು ತಂದ ರಾಕ್ಷಸ ಅಲೆಗಳನ್ನು ಈ ತಿಂಗಳಲ್ಲಿ ನಿರೀಕ್ಷಿಸಬೇಡಿ. ಸಮುದ್ರದಡಿಯ ಆಳವಾದ ಕಂದರದಿಂದಾಗಿ ಏಳುವ ಆ ಅಲೆಗಳು ಅಕ್ಟೋಬರಿನಿಂದ ಮಾರ್ಚಿನವರೆಗಿನವು, ಸರ್ಫಿಂಗ್ ಮಾಡಿದ ಅತಿ ಎತ್ತರದ ಅಲೆಯೆಂಬ 26.21 ಮೀಟರಿನ ದಾಖಲೆಯೂ 2020ರ ಅಕ್ಟೋಬರಿನದು. ಆದರೂ ಉತ್ತರದ ದಂಡೆಯಲ್ಲಿ ನೀರಿಗಿಳಿಯಲೇಬೇಡಿ. ಊರಿನ ಮುಂದಿನ ದಂಡೆಯಲ್ಲೂ ಕೆಂಪು ಬಾವುಟವಿದ್ದರೆ ದೂರವಿರಿ. ನೀರು ಬಹಳ ತಣ್ಣಗೆ.

ಶಿವಮೊಗ್ಗದಿಂದ: ಊಟದ ವಿಷಯ. ಅಡುಗೆಮನೆ ಇರುವ ಕೋಣೆಯನ್ನೇ ಹಿಡಿಯಿರಿ, ಮಾರುಕಟ್ಟೆಯಲ್ಲಿ ತರಕಾರಿ, ಹಣ್ಣು ಚೆನ್ನಾಗಿ ಸಿಗುತ್ತವೆ. ಹೋಟೆಲಿನಲ್ಲಿ ಸೊಪ್ಪಿನ ಸೂಪು ಎಂದು ತರುವ ಕಾಲ್ದು ವೆರ್ದ್‌ನಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ತುಂಡು ಹಾಕಿರುತ್ತಾರೆ, ಕೇಳಿಯೇ ತರಿಸಿಕೊಳ್ಳಿ. ಕುಳಿತ ತಕ್ಷಣ ಮೇಜಿಗೆ ತಂದಿಡುವ ಬ್ರೆಡ್ಡು, ಆಲಿವ್ ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವೆಂದರೆ ಬೇಸರವಿಲ್ಲದೆ ಒಯ್ಯುತ್ತಾರೆ. ಸಂಜೆ ಗಾಳಿ ಜೋರು, ಅಮ್ಮನಿಗೊಂದು ದಪ್ಪ ಶಾಲು ಕೈಚೀಲದಲ್ಲಿಯೇ ಇರಲಿ.