ಪದ ಬೇಕು, ಅರ್ಜೆಂಟ್: ‘ನಿಯರ್ ಮಿ’ ಬಟನ್ ಮೇಲೆ ಕನ್ನಡದಲ್ಲಿ ಏನ್ ಬರೆಯೋದು?

ತುಮಕೂರಿನಿಂದ:

ಎಲ್ರಿಗೂ ನಮಸ್ಕಾರ. ನಾಟಿ ಬೀಜ ಉಳಿಸೋರದ್ದು ಒಂದು ವೆಬ್‌ಸೈಟ್ ನಡೆಸ್ತಾ ಇದೀವಿ, ಯಾರ ಮನೇಲಿ ಯಾವ ರಾಗಿ ಯಾವ ಅವರೆ ಇದೆ ಅಂತ ಬರ್ಕೊಳ್ಳೋದು, ಕೇಳಿದೋರಿಗೆ ಒಂದು ಹಿಡಿ ಕೊಡೋದು, ಅಷ್ಟೇ. ಈಗ ಅದಕ್ಕೆ ಮ್ಯಾಪ್ ಸೇರಿಸಿದೀವಿ, ಸದಸ್ಯರು ಇರೋ ಕಡೆ ಚುಕ್ಕೆ ಕಾಣುತ್ತೆ, ಬಟನ್ ಒತ್ತಿದ್ರೆ ನಮ್ಗೆ ಹತ್ರ ಇರೋರ ಪಟ್ಟಿ ಬರುತ್ತೆ. ಜನರೇ ಸೇರಿ ಮಾಡಿರೋ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ, ಮ್ಯಾಪ್‌ನ ವೆಬ್ ಪುಟದಲ್ಲಿ ತೋರಿಸೋ ಲೀಫ್‌ಲೆಟ್ ಹಾಕಿ ಕೋಡ್ ಎಲ್ಲ ಮುಗೀತು, ಸಿಕ್ಕಾಕ್ಕೊಂಡಿರೋದು ಪದದಲ್ಲಿ. ಮೆಂಬರ್ಸ್ ಮ್ಯಾಪ್, ನಿಯರ್ ಮಿ, ರೇಡಿಯಸ್, ಮೈ ಲೊಕೇಶನ್, ಡ್ರಾಪ್ ಪಿನ್, ಈ ಐದಕ್ಕೆ ಬೇಕು. ಸದ್ಯಕ್ಕೆ ಸದಸ್ಯರ ನಕ್ಷೆ, ನನ್ನ ಹತ್ತಿರ, ತ್ರಿಜ್ಯ, ನನ್ನ ಊರು, ಪಿನ್ ಹಾಕಿ ಅಂತ ಇಟ್ಟಿದೀವಿ. ‘ನನ್ನ ಹತ್ತಿರ’ ನೋಡಿದ ಒಬ್ರು ಅದು ನನ್ನ ಹತ್ರ ಏನಿದೆ ಅಂತ ಕೇಳ್ತಿದೆ ಅಂದ್ಕೊಂಡು ಬೀಜದ ಹೆಸರು ಟೈಪ್ ಮಾಡೋಕೆ ಹೋದ್ರು! ಭಾನುವಾರ ಮೇಳದಲ್ಲಿ ತೋರಿಸ್ಬೇಕು, ಶನಿವಾರ ರಾತ್ರಿ ಒಳಗೆ ಹೇಳಿದ್ರೆ ಉಪಕಾರ ಆಗುತ್ತೆ. ಪದ ಸಾಕು, ಜಗಳ ಆಮೇಲೆ ಆಡೋಣ.

ಬೆಂಗಳೂರಿನಿಂದ:

ಐದರಲ್ಲಿ ಕನ್ನಡ ಇರೋದು ಎರಡೂವರೆ. ಸದಸ್ಯ ಸಂಸ್ಕೃತ, ನಕ್ಷೆ ಅರಬ್ಬಿ, ತ್ರಿಜ್ಯ ಯಾವ ರೈತನಿಗೂ ಬೇಡ. ನನ್ನ ಪಟ್ಟಿ: ಕೂಟದವರ ತಿಟ್ಟ, ನೆರೆ ಹುಡುಕು, ಸುತ್ತಳತೆ, ಇರುತಾಣ, ಗೂಟ ಇಡಿ. ಎಲ್ಲಾ ನಮ್ಮವೇ. ಬೇರೆ ಕಡೆಯಿಂದ ಎರವಲು ತರೋ ಅಗತ್ಯ ಕಾಣ್ತಿಲ್ಲ.

ಮೈಸೂರಿನಿಂದ:

> ನೆರೆ ಹುಡುಕು

ನೆರೆ ಅಂದ್ರೆ ಪ್ರವಾಹ ಕೂಡ. ಮಳೆಗಾಲದಲ್ಲಿ ‘ನೆರೆ’ ಅಂತ ಬಟನ್ ಇರೋ ಮ್ಯಾಪ್ ನೋಡಿದವರು ಮೊದಲು ಮನೆ ಸಾಮಾನು ಅಟ್ಟಕ್ಕೆ ಏರಿಸ್ತಾರೆ.

> ಸುತ್ತಳತೆ

ಇದು ಪರಿಧಿ. ಕೇಳಿದ್ದು ತ್ರಿಜ್ಯ. ಏಳನೇ ಕ್ಲಾಸಿನ ಲೆಕ್ಕ.

> ಇರುತಾಣ ... ಎಲ್ಲಾ ನಮ್ಮವೇ

ತಾಣ ಸ್ಥಾನದ ತದ್ಭವ. ಅಚ್ಚಗನ್ನಡ ಅಂತ ಮಾರೋದಕ್ಕೆ ಮುಂಚೆ ಕಿಟೆಲ್ ನಿಘಂಟು ತೆಗೆದು ನೋಡೋದು ವಾಸಿ.

ತ್ರಿಜ್ಯಕ್ಕೆ ಯಾಕೆ ಈ ಸಿಟ್ಟು ಗೊತ್ತಾಗ್ಲಿಲ್ಲ. ಅದು ತ್ರಿರಾಶಿಜ್ಯಾ, ಮೂರು ರಾಶಿ ಅಂದ್ರೆ ತೊಂಬತ್ತು ಡಿಗ್ರಿ, ಆ ಕೋನದ ಜ್ಯಾ (ಬಿಲ್ಲಿನ ಹೆದೆ ಹಾಗೆ ವೃತ್ತದೊಳಗೆ ಎಳೆದ ಗೆರೆಯ ಅರ್ಧ) ವೃತ್ತದ ಕೇಂದ್ರದಿಂದ ಅಂಚಿಗಿರೋ ದೂರಕ್ಕೆ ಸಮ, ಅದಕ್ಕೇ ತ್ರಿಜ್ಯಾ. ಇದೇ ಜ್ಯಾ, ಜೀವಾ ಅನ್ನೋ ರೂಪದಲ್ಲಿ ಅರಬ್ಬಿಗೆ ಹೋಗಿ, ಅಲ್ಲಿ ಜೈಬ್, ಅಂದ್ರೆ ಮಡಿಲು, ಅಂತ ಓದಿಸಿಕೊಂಡು, ಲ್ಯಾಟಿನ್‌ನಲ್ಲಿ ಅದೇ ಅರ್ಥದ ಸೈನಸ್ ಆಗಿ, ಕೊನೆಗೆ ನಿಮ್ಮ ಕ್ಯಾಲ್ಕುಲೇಟರಿನ ಸೈನ್ ಆಗಿದೆ. ಮ್ಯಾಪ್ ಮೇಲೆ ಎರಡು ಚುಕ್ಕೆ ನಡುವೆ ದೂರ ಲೆಕ್ಕ ಹಾಕೋ ಸೂತ್ರದಲ್ಲೂ ಅದೇ ಜ್ಯಾ ಕೂತಿದೆ. ಇಷ್ಟು ಸುತ್ತಿ ಬಂದ ಪದವನ್ನ ಬಿಸಾಕಿ ಅಂತೀರಿ.

ಧಾರವಾಡದಿಂದ:

ಜ್ಯಾದ ಪ್ರವಾಸಕಥನ ಛಲೋ ಐತ್ರಿ, ಆದ್ರ ಬೀಜ ಕೇಳಾಕ ಬಂದಾಂವಗ ಅದು ಯಾಕ ಬೇಕು? ನಮ್ಮ ಕಡೆ ಸನೇಕ ಅಂತೀವಿ, ಬಾಜೂಕ ಅಂತೀವಿ. ಸನೇಕ ಅಂದ್ರ ಸನಿಹಕ್ಕ. ‘ಸನೇಕ ಯಾರದಾರ’ ಅಂತ ಹಾಕ್ರಿ, ಮುಗೀತು. ನಕ್ಷೆ ನಮಗ ನಕಾಶೆ, ಮರಾಠಿ ದಾರಿ ಹಿಡದು ಬಂದದ್ದು, ಅದಕ್ಯಾರೂ ಇಲ್ಲಿ ಅಳಾಕತ್ತಿಲ್ಲ.

ಮತ್ತ ‘ಗೂಟ ಇಡಿ’ ಅಂತ ಬರದವರು ಬಟನ್ ಹಾಕೂದಕ್ಕಿಂತ ಮೊದಲ ಒಮ್ಮೆ ಜೋರಾಗಿ ಓದ್ರಿ. ಸದಸ್ಯರಿಗೆ ಗೂಟ ಇಡೂ ವೆಬ್‌ಸೈಟ್ ಅಂತ ಹೆಸರಾದೀತು.

ಬೆಂಗಳೂರಿನಿಂದ:

ನಗೋದು ಸುಲಭ. ನೆರೆಹೊರೆ ಅಂತ ದಿನಾ ಅನ್ನೋವಾಗ ಯಾರಿಗೂ ಪ್ರವಾಹ ನೆನಪಾಗಲ್ಲ. ತಾಣ ತದ್ಭವ ಅನ್ನೋದು ನನಗೂ ಗೊತ್ತು, ಹಳೇ ಕವಿ ಆಂಡಯ್ಯನೇ ಸಂಸ್ಕೃತದ ತತ್ಸಮ ಬಿಟ್ಟು ತದ್ಭವ ಇಟ್ಕೊಂಡ, ನಾನು ಅವನಿಗಿಂತ ಮಡಿವಂತ ಅಲ್ಲ. ಬಾಯಿಗೆ ಒಗ್ಗಿದ ರೂಪ ನಮ್ಮದು, ಒಗ್ಗದ್ದು ಅಲ್ಲ.

ಧಾರವಾಡದಿಂದ:

ಹಂಗಾದ್ರ ನಕ್ಷೆ ಒಗ್ಗೇದಲ್ಲ. ಜಿಲ್ಲೆ, ತಾಲೂಕು, ಜಮೀನು, ಸರಹದ್ದು ಎಲ್ಲಾ ಒಗ್ಗ್ಯಾವ. ಹೊಲದ ಕಾಗದದಾಗ ಚೆಕ್ಕುಬಂದಿ ಬರೀವಾಗ ಪೂರ್ವಕ್ಕ ಯಾರ ಜಮೀನು ಪಶ್ಚಿಮಕ್ಕ ಯಾರ ಜಮೀನು ಅಂತ ನೂರಾರು ವರ್ಷದಿಂದ ಫಾರಸಿ ಪದದಾಗ ನಮ್ಮ ರೈತ ನೆರೆಯವರನ್ನ ಗುರುತಿಸ್ಯಾನ. ನಿಮ್ಮ ನಿಯಮ ನಿಮಗ ಬೇಕಾದಾಗ ಸಡ್ಲ, ಬ್ಯಾಡಾದಾಗ ಬಿಗಿ.

ಪುತ್ತೂರಿನಿಂದ:

ಪಾಪ ಅವರು ಕೇಳಿದ್ದು ಪದ ಮಾರಾಯ್ರೇ. ನಾನು ಒಂದು ಬೇರೆ ಸಂಗತಿ ಕೇಳ್ತೇನೆ, ಹತ್ತಿರ ಅಂತ ನಿಮ್ಮ ಕೋಡು ಹೇಗೆ ತೀರ್ಮಾನ ಮಾಡುದು? ಪಿನ್‌ಕೋಡ್ ನೋಡಿಯಾ? ಹಾಗಾದ್ರೆ ನಮ್ಮ ಕಡೆಯವರು ಕೆಟ್ಟರು. ವಿಟ್ಲದ ಪಿನ್ 574ರಿಂದ ಶುರು, ಗಡಿ ದಾಟಿ ಪೆರ್ಲಕ್ಕೆ ಹೋದ್ರೆ 671, ಮೊದಲ ಅಂಕಿಯೇ ಬೇರೆ, ಯಾಕಂದ್ರೆ 5 ಅಂದ್ರೆ ಕರ್ನಾಟಕ ಆಂಧ್ರ ತೆಲಂಗಾಣ, 6 ಅಂದ್ರೆ ಕೇರಳ ತಮಿಳುನಾಡು. ಕಾಸರಗೋಡಿನ ಕನ್ನಡದವರ ಹತ್ರ ಒಳ್ಳೊಳ್ಳೆ ಭತ್ತದ ತಳಿ ಉಂಟು, ಅವರು ನಿಮ್ಮ ಲೆಕ್ಕದಲ್ಲಿ ದೂರದವರು, ಬಳ್ಳಾರಿಯವರು ಹತ್ತಿರದವರು ಅಂತ ಆಗ್ತದೆ.

ಹಾಗೆಯೇ ‘ಪಿನ್ ಹಾಕಿ’ ಅಂದ್ರೆ ನಮ್ಮಲ್ಲಿ ಅರ್ಧ ಜನ ಆರಂಕಿ ಟೈಪ್ ಮಾಡ್ತಾರೆ, ಉಳಿದರ್ಧ ಎಟಿಎಂದು ಕೇಳ್ತಿದ್ದಾರೆ ಅಂತ ಹೆದರಿ ಫೋನ್ ಕೆಳಗಿಡ್ತಾರೆ. ಅದನ್ನು ಮೊದಲು ತೆಗೀರಿ. ‘ಗುರುತು ಹಾಕಿ’ ಸಾಕು.

ಮೈಸೂರಿನಿಂದ:

ಪಿನ್‌ಕೋಡ್ ಮಾತು ಬಂತಲ್ಲ, ಅದನ್ನ ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದಲ್ಲಿ ಕಾವ್ಯ ನಾಟಕ ಬರೆದ ವಿದ್ವಾಂಸರು. 1972ರ ಆಗಸ್ಟ್ 15ಕ್ಕೆ ಅದು ಜಾರಿಗೆ ಬಂತು.

ಬೆಂಗಳೂರಿನಿಂದ:

ನೋಡಿ, ಸಂಸ್ಕೃತ ವಿದ್ವಾಂಸರು ರೂಪಿಸಿದ್ದಕ್ಕೂ ಜನರ ಬಾಯಲ್ಲಿ ಸಂಸ್ಕೃತದ ಹೆಸರು ನಿಲ್ಲಲಿಲ್ಲ, ನೀವು ಬೀಜದ ಸೈಟಿಗೆ ತ್ರಿಜ್ಯ ಹೊರಿಸ್ತೀರಿ.

ಮೈಸೂರಿನಿಂದ:

ಕನ್ನಡದ ಹೆಸರೂ ನಿಲ್ಲಲಿಲ್ಲ. ವಿಷಯಕ್ಕೆ ಬನ್ನಿ. ‘ಹತ್ತಿರ’ದ ಮೂಲ ನೋಡಿ. ಪತ್ತು, ಹತ್ತು ಅಂದ್ರೆ ಅಂಟು, ತಗಲು. ಪಾಲು ಹಾಲಾದ ಹಾಗೆ, ಪಳ್ಳಿ ಹಳ್ಳಿಯಾದ ಹಾಗೆ ಪತ್ತು ಹತ್ತಾಯ್ತು. ಬೆಂಕಿ ಹತ್ತಿತು, ಬಣ್ಣ ಹತ್ತಿತು ಅಂತೀವಲ್ಲ ಅದೇ. ತಗಲಿಕೊಂಡಂತೆ ಇರೋದು ಹತ್ತಿರ. 25 ಕಿ.ಮೀ. ದೂರ ಇರೋನು ಹತ್ತಿರದವನು ಅನ್ನೋದು ಮೂಲಾರ್ಥಕ್ಕೇ ವಿರುದ್ಧ. ಸಮೀಪ ಅಂತ ಹಾಕಿ.

ಧಾರವಾಡದಿಂದ:

ನನಗ ವಯಸ್ಸು ಅರವತ್ತರ ಹತ್ತಿರ ಬಂತು. ಎಲ್ಲಿ ಅಂಟೇತಿ ತೋರಸ್ರಿ.

ಸಾಗರದಿಂದ:

ಮೂಲಾರ್ಥ ಹಾಳಾಗಿ ಹೋಗ್ಲಿ, ಪುತ್ತೂರಿನವರು ಹೇಳಿದ್ದೇ ಮುಖ್ಯ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ನಮ್ಮಲ್ಲಿ ಹತ್ತಿರ ಅನ್ನೋ ಮಾತಿಗೆ ಅರ್ಥವೇ ಬದ್ಲಾಗಿತ್ತು. ತುಮರಿ ಕಡೆಯವ್ರಿಗೆ ಹೊಳೆಬಾಗಿಲಿನ ಆಚೆ ದಡ ಕಣ್ಣಿಗೆ ಕಾಣ್ತಿತ್ತು, ಹೋಗ್ಬೇಕು ಅಂದ್ರೆ ಲಾಂಚಿಗೆ ಕಾಯ್ಬೇಕು, ಸಂಜೆ ಲಾಂಚ್ ನಿಂತ್ರೆ ಆ ದಡ ಬೇರೆ ದೇಶ. ಈಗ ಸೇತುವೆ ಆಯ್ತು ಸರಿ, ಆದ್ರೆ ಘಟ್ಟದ ಮೇಲಿನವ್ರಿಗೂ ಕೆಳಗಿನವ್ರಿಗೂ ಇದೇ ಪಾಡು, ಮ್ಯಾಪ್ ಮೇಲೆ ಗೆರೆ ಎಳೆದ್ರೆ ಬೆರಳಗಲ, ಬಸ್ಸು ಸುತ್ತಿ ಇಳಿಯೋ ಹೊತ್ತಿಗೆ ಅರ್ಧ ದಿನ. ನಿಮ್ಮ ಕಂಪ್ಯೂಟರ್ ಅಳೆಯೋದು ನೇರ ದೂರ, ಜನ ಹತ್ತಿರ ಅನ್ನೋದು ಹೋಗಿ ಬರೋಕಾಗೋದನ್ನ. ಅದಕ್ಕೇ ನಾನು ಹೇಳೋದು ಹತ್ತಿರಾನೂ ಬೇಡ ಸಮೀಪಾನೂ ಬೇಡ ಸನೇಕಾನೂ ಬೇಡ, ‘25 ಕಿ.ಮೀ. ಒಳಗೆ’ ಅಂತ ಇರೋ ಹಾಗೇ ಬರೀರಿ, ಸುಳ್ಳು ಹೇಳಿದಂಗೆ ಆಗಲ್ಲ. ತ್ರಿಜ್ಯಾನೂ ಅದ್ರಲ್ಲೇ ತೀರಿಹೋಯ್ತು.

ತುಮಕೂರಿನಿಂದ:

ಪಿನ್‌ಕೋಡ್ ಅಲ್ಲ ಸಾರ್, ಅಕ್ಷಾಂಶ ರೇಖಾಂಶ ಇಟ್ಕೊಂಡು ಲೆಕ್ಕ ಮಾಡ್ತೀವಿ, ಪೆರ್ಲದೋರು ಬರ್ತಾರೆ. ‘ಒಳಗೆ’ ನಂಗೆ ಹಿಡಿಸ್ತು. ಆದ್ರೆ ಪಟ್ಟಿಯ ತಲೆಬರಹಕ್ಕೆ ಏನಾದ್ರೂ ಬೇಕಲ್ಲ, ‘ಹತ್ತಿರದವರು’ ಅಂತ ಹಾಕಿದ್ರೆ ಬಂಧುಬಳಗ ಆಗೋಗುತ್ತೆ. ‘ನಮ್ಮ ಕಡೆಯವರು’? ‘ನಮ್ಮೋರು’?

ಪುತ್ತೂರಿನಿಂದ:

‘ನಮ್ಮೋರು’ ಬೇಡ. ದಯವಿಟ್ಟು ಬೇಡ. ಮದುವೆ ಮಾತುಕತೆಯಲ್ಲಿ ಅದರ ಅರ್ಥ ಏನಂತ ನಿಮಗೆ ಗೊತ್ತಿಲ್ವಾ. ಮ್ಯಾಪಿನ ಮೇಲೆ ‘ನಮ್ಮೋರು’ ಅಂತ ಚುಕ್ಕೆ ಹಾಕಿದ್ರೆ ಯಾವ ಜಾತಿಯ ಸೈಟು ಅಂತ ಮೊದಲ ದಿನವೇ ಕೇಳ್ತಾರೆ. ‘ನಮ್ಮ ಕಡೆಯವರು’ ಸ್ವಲ್ಪ ವಾಸಿ, ಆದ್ರೂ ಅದೇ ವಾಸನೆ. ಸುತ್ತಮುತ್ತ ಅಂತ ಹಾಕಿ.

ಮೈಸೂರಿನಿಂದ:

ಸುತ್ತಮುತ್ತ ಪರವಾಗಿಲ್ಲ. ಯಾರಾದರೂ ಆಸುಪಾಸು ಅನ್ನೋದಕ್ಕೆ ಮುಂಚೆ ಹೇಳಿಬಿಡ್ತೀನಿ, ಅದು ಉತ್ತರದ ಆಸ್‌ಪಾಸ್, ಪಾಸ್ ಬಂದಿರೋದು ಪಾರ್ಶ್ವದಿಂದ.

ಬೆಂಗಳೂರಿನಿಂದ:

ಅಂದ್ರೆ ಸಂಸ್ಕೃತವೇ ಹಿಂದಿ ವೇಷ ಹಾಕ್ಕೊಂಡು ಬಂದ್ರೆ ನಿಮಗೆ ಬೇಡ, ನೇರವಾಗಿ ಬಂದ್ರೆ ಬೇಕು. ಸರಿ. ಸುತ್ತಮುತ್ತ ನನಗೂ ಒಪ್ಪಿಗೆ.

ಮ್ಯೂನಿಕ್‌ನಿಂದ:

ತಡವಾಗಿ ಬಂದೆ, ಇಲ್ಲಿ ಈಗ ಬೆಳಗಾಯ್ತು. ಎರಡು ವಿಷಯ. ‘ನನ್ನ ಊರು’ ತೆಗೀರಿ. ನನ್ನ ಊರು ಯಾವುದು ಅಂದ್ರೆ ಹೊಳೆನರಸೀಪುರ, ಅಲ್ಲಿ ಈಗ ನಮ್ಮ ಮನೆ ಬೀಗ ಹಾಕಿದೆ. ಬೆಂಗಳೂರಲ್ಲಿ ಕೂತಿರೋ ಮುಕ್ಕಾಲು ಜನ ಊರು ಅಂದ್ರೆ ಹಾವೇರಿ, ಮಂಡ್ಯ, ಸಿರಾ ಅಂತಲೇ ಬರೀತಾರೆ, ಹುಟ್ಟಿದೂರು ಬಿಟ್ಟು ಬೇರೆ ಊರನ್ನ ಊರು ಅನ್ನೋಕೆ ನಮಗೆ ಬಾಯಿ ಬರಲ್ಲ. ಚುಕ್ಕೆಗಳೆಲ್ಲ ಇಲ್ಲದ ಮನುಷ್ಯರನ್ನ ತೋರಿಸ್ತವೆ. ‘ಈಗ ಇರೋ ಜಾಗ’ ಅಂತ ಬರೀರಿ. ನೆಲೆ ಅಂತ ಯಾರಾದ್ರೂ ಹೇಳ್ಬೋದು, ನಿಲ್ ಧಾತುವಿನಿಂದ ಬಂದದ್ದು ಚೆನ್ನಾಗೂ ಇದೆ, ಆದ್ರೆ ಪೇಪರ್ ಓದೋರಿಗೆ ಅದು ವಾಯುನೆಲೆ, ಉಗ್ರರ ನೆಲೆ.

ಇನ್ನೊಂದು, ಪದಕ್ಕಿಂತ ಮುಖ್ಯ. ಮನೆಯ ಸರಿಯಾದ ಜಾಗ ತೋರಿಸಬೇಡಿ. ಅಕ್ಷಾಂಶ ರೇಖಾಂಶದಲ್ಲಿ ಚುಕ್ಕೆಯ ನಂತರ ಎರಡೇ ಅಂಕಿ ಉಳಿಸಿ ಮಿಕ್ಕಿದ್ದು ಸರ್ವರ್‌ನಲ್ಲೇ ಕತ್ತರಿಸಿ, ಆಗ ಸುಮಾರು ಒಂದು ಕಿಲೋಮೀಟರ್ ಮಸುಕಾಗುತ್ತೆ. ಒಂದೇ ಅಂಕಿ ಇಟ್ರೆ ಹನ್ನೊಂದು ಕಿ.ಮೀ., ಹೋಬಳಿ ಅಳತೆ ಅಂತ ಇಟ್ಕೊಳ್ಳಿ. ಪಟ್ಟಿಯಲ್ಲಿ ‘3.2 ಕಿ.ಮೀ. ದೂರದಲ್ಲಿ ಇದ್ದಾರೆ’ ಅಂತಂತೂ ಬರೆಯಲೇಬೇಡಿ, ಮೂರು ಬೇರೆ ಬೇರೆ ಜಾಗದಿಂದ ಹುಡುಕಿ ಮೂರು ವೃತ್ತ ಎಳೆದ್ರೆ ಅವು ಕೂಡೋ ಕಡೆ ಆ ಮನೆ ಬಾಗಿಲು ಸಿಗುತ್ತೆ. ಡೇಟಿಂಗ್ ಆಪ್‌ಗಳಲ್ಲಿ ಇದೇ ಆಗಿತ್ತು. ಒಂಟಿ ಹೆಂಗಸರು ತೋಟದ ಮನೇಲಿ ಇರ್ತಾರೆ, ಯೋಚನೆ ಮಾಡಿ. ಸಾಗರದವರ ‘ಒಳಗೆ’ ಅದಕ್ಕೂ ಸರಿಹೋಗುತ್ತೆ, ಆದ್ರೆ ಲೆಕ್ಕ ಮಾಡೋದೂ ಕತ್ತರಿಸಿದ ಅಂಕಿಯಿಂದಲೇ ಇರ್ಲಿ, ಇಲ್ದಿದ್ರೆ ಅದನ್ನೂ ಕೆದಕಿ ಹುಡುಕ್ತಾರೆ.

ಧಾರವಾಡದಿಂದ:

ಹೋಬಳಿ! ಇದ ನೋಡ್ರಿ ಪದ. ‘ಹೋಬಳಿ ಮಟ್ಟಿಗೆ ಮಾತ್ರ ತೋರಿಸು’ ಅಂತ ಒಂದು ಟಿಕ್ ಬಾಕ್ಸ್ ಹಾಕ್ರಿ, ಯಾವ ರೈತಗೂ ತಿಳೀತದ, ಯಾವ ಡಿಕ್ಷನರಿನೂ ಬ್ಯಾಡ.

ಬೆಂಗಳೂರಿನಿಂದ:

ಪಟ್ಟಣದವರಿಗೆ ಅವರ ಹೋಬಳಿ ಯಾವುದು ಅಂತ ಗೊತ್ತಿರಲ್ಲ. ನನಗೇ ಗೊತ್ತಿಲ್ಲ.

ಧಾರವಾಡದಿಂದ:

ಪಹಣಿ ತಗಸ್ರಿ, ಅದರಾಗ ಇರ್ತದ.

ಬೆಂಗಳೂರಿನಿಂದ:

ಅಪಾರ್ಟ್‌ಮೆಂಟಿಗೆ ಎಲ್ಲಿಯ ಪಹಣಿ.

ತುಮಕೂರಿನಿಂದ:

ಶನಿವಾರ ಸಂಜೆ ಆಯ್ತು, ಇಷ್ಟು ಹಾಕ್ತಿದೀನಿ. ಮೇಲೆ ‘ಸದಸ್ಯರ ನಕ್ಷೆ’, ಇದನ್ನ ಬದಲಾಯಿಸಲ್ಲ, ಬೈಯೋರು ಬೈಯಿರಿ. ಬಟನ್ ಮೇಲೆ ‘ಸುತ್ತಮುತ್ತ ಯಾರಿದ್ದಾರೆ?’, ಪಕ್ಕದಲ್ಲಿ ಆರಿಸೋಕೆ ‘10 ಕಿ.ಮೀ. ಒಳಗೆ, 25 ಕಿ.ಮೀ. ಒಳಗೆ, 50 ಕಿ.ಮೀ. ಒಳಗೆ’. ಲೊಕೇಶನ್‌ಗೆ ‘ಈಗ ಇರುವ ಜಾಗ’. ಪಿನ್‌ಗೆ ‘ಗುರುತು ಹಾಕಿ’. ಟಿಕ್ ಬಾಕ್ಸ್‌ಗೆ ‘ಅಂದಾಜು ಜಾಗ ಮಾತ್ರ ತೋರಿಸಿ’, ಅದು ಮೊದಲೇ ಟಿಕ್ ಆಗಿರುತ್ತೆ, ಬೇಡ ಅನ್ನೋರು ತೆಗೀಬೇಕು. ಹೋಬಳಿ ನಂಗೂ ಇಷ್ಟ ಆಗಿತ್ತು, ಆದ್ರೆ ಕಾಸರಗೋಡಿನಲ್ಲಿ ಹೋಬಳಿ ಇಲ್ಲವಲ್ಲ, ಪುತ್ತೂರಿನೋರು ಮತ್ತೆ ಬೈತಾರೆ.

ಒಂದೇ ಒಂದು ಉಳೀತು. ಹುಡುಕಿದಾಗ ಯಾರೂ ಸಿಗದೇ ಇದ್ರೆ ಏನ್ ಬರಬೇಕು? ಈಗ ‘ಫಲಿತಾಂಶ ಶೂನ್ಯ’ ಅಂತ ಬರ್ತಿದೆ, ಎಸ್ಸೆಸ್ಸೆಲ್ಸಿ ಫೇಲಾದಂಗೆ ಅನ್ಸುತ್ತೆ.

ಮ್ಯೂನಿಕ್‌ನಿಂದ:

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ಇದೇ ಸೌಲಭ್ಯ ಇದೆ, ಮನೆ ಜಾಗ ಗುರುತು ಮಾಡಿದ್ರೆ ಹತ್ತಿರದ ಬಳಕೆದಾರರನ್ನ ತೋರಿಸುತ್ತೆ. ಯಾರೂ ಇಲ್ಲದಿದ್ರೆ ಅದರ ಇಂಗ್ಲಿಷ್ ಸಾಲು ತಮಾಷೆಯಾಗಿದೆ, ಈ ಕಡೆ ನಕ್ಷೆ ಮಾಡ್ತೀನಿ ಅಂತ ಒಪ್ಕೊಂಡೋರು ಇನ್ನೂ ಯಾರೂ ಇಲ್ಲ ಅನ್ನೋ ಧಾಟಿ. ಹಾಗೇ ಏನಾದ್ರೂ ಮಾಡಿ.

ಧಾರವಾಡದಿಂದ:

‘ಈ ಸುತ್ತಿನಾಗ ಬೀಜ ಐತಿ ಅಂತ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ದೂರ ಹೆಚ್ಚು ಮಾಡಿ ನೋಡ್ರಿ.’

ತುಮಕೂರಿನಿಂದ:

ಇದೇ. ಸ್ವಲ್ಪ ನಮ್ಮ ಕಡೆ ಮಾತಿಗೆ ತಿರುಗಿಸಿ ಹಾಕ್ತೀನಿ.

ಮೈಸೂರಿನಿಂದ:

ಯಾಕೆ ತಿರುಗಿಸಬೇಕು, ಹಾಗೇ ಇರಲಿ. ‘ದೂರ ಹೆಚ್ಚು’ ಅನ್ನೋದು ಮಾತ್ರ ‘ದೂರು ಹೆಚ್ಚು’ ಅಂತ ಟೈಪ್ ಆಗದ ಹಾಗೆ ನೋಡ್ಕೊಳ್ಳಿ.