ಪುಟ್ಟಿ, ನಂಬರ್ ಬಂಕಿನಲ್ಲಿ ನೋಡ್ಬೇಡ, ಟ್ಯಾಂಕ್ ಮುಚ್ಚಳದಲ್ಲಿ ನೋಡು

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೆನೇ ನೋಡಿದ್ದೆ. ಟೈಪ್ ಮಾಡೋಕೆ ಕೂತ್ರೆ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೆ ಮಾತಾಡಿಯೇ ಕಳಿಸ್ತಿದ್ದೀನಿ. ಉದ್ದ ಆಗತ್ತೆ, ಕೂತು ಪೂರ್ತಿ ಕೇಳು.

ನೀನು ಕೇಳಿದ್ದು ಇಷ್ಟು. ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ತಗೊಂಡಿದ್ದೀನಿ, ಜೊತೆಗೆ ಕಂಪನಿ ಕೊಡೋ ಪುಸ್ತಕ ಬಂದಿಲ್ಲ, ಬಂಕಿನಲ್ಲಿ 91, 95, 98 ಅಂತ ಆಕ್ಟೇನ್ ನಂಬರಿನ ಮೂರು ಥರ ಪೆಟ್ರೋಲ್ ಇದೆ, ಯಾವುದು ಹಾಕಿಸ್ಲಿ ಅತ್ತೆ ಅಂತ. ಅಷ್ಟರಲ್ಲಿ ಗುಂಪಲ್ಲೇ ಭಾವ "ದೊಡ್ಡ ನಂಬರೇ ಹಾಕ್ಸಮ್ಮ, ಎಂಜಿನ್ ಕ್ಲೀನಾಗಿರತ್ತೆ, ಮೈಲೇಜೂ ಬರತ್ತೆ" ಅಂದ್ರು. ನಿಮ್ಮಪ್ಪ "ಎಲ್ಲಾ ಒಂದೇ, ಕಮ್ಮೀದು ಹಾಕ್ಸು, ದುಡ್ಡು ಯಾಕೆ ದಂಡ" ಅಂದ. ಇಬ್ರೂ ನಿನ್ನ ಒಳ್ಳೇದಕ್ಕೇ ಹೇಳಿದ್ದು. ಆದ್ರೆ ನಿನ್ನ ಕಾರು ಏನು ಕೇಳತ್ತೆ ಅಂತ ಇಬ್ಬರೂ ವಿಚಾರಿಸ್ಲಿಲ್ಲ. ವರ್ಕ್‌ಶಾಪಲ್ಲಿ ಇಷ್ಟು ವರ್ಷ ಎಂಜಿನ್ ಬಿಚ್ಚಿ ಕಟ್ಟಿ ನಾನು ಕಲಿತಿದ್ದು ಅದೊಂದೇ, ಮೊದಲು ಗಾಡಿನ ಕೇಳಬೇಕು.

ಮೊದಲು ಆ ನಂಬರ್ ಏನು ಅಂತ ಹೇಳಿಬಿಡ್ತೀನಿ, ಆಮೇಲೆ ಉಳಿದಿದ್ದು ಸುಲಭ.

ಸಿಲಿಂಡರ್ ಒಳಗೆ ಪೆಟ್ರೋಲು ಗಾಳಿ ಎರಡೂ ಸೇರಿರತ್ತೆ. ಪಿಸ್ಟನ್ ಮೇಲಕ್ಕೆ ಬಂದು ಅದನ್ನ ಒತ್ತತ್ತೆ. ಒತ್ತಿದ್ರೆ ಬಿಸಿ ಆಗತ್ತೆ. ಸರಿಯಾದ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಕಿಡಿ ಹಾಕತ್ತೆ, ಬೆಂಕಿ ಪ್ಲಗ್ ಹತ್ರದಿಂದ ಶುರುವಾಗಿ ಆಚೆ ಗೋಡೆವರೆಗೂ ಹರಡ್ತಾ ಹೋಗತ್ತೆ. ಹಂಗೆ ಹರಡ್ತಾ ಇರೋವಾಗ, ಇನ್ನೂ ಉರಿದಿಲ್ಲದ ಮೂಲೇಲಿರೋ ಪೆಟ್ರೋಲು ಗಾಳಿ ಮತ್ತಷ್ಟು ಒತ್ತಡಕ್ಕೆ, ಮತ್ತಷ್ಟು ಬಿಸಿಗೆ ಸಿಕ್ಕಿಹಾಕ್ಕೊಳ್ಳತ್ತೆ. ಬೆಂಕಿ ತಲುಪೋವರೆಗೂ ಅದು ತಡ್ಕೊಂಡ್ರೆ ಎಲ್ಲಾ ಸರಿ. ತಡೀದೆ ತಾನಾಗೇ ಭಗ್ ಅಂದ್ರೆ ಒಳಗೆ ಒತ್ತಡದ ಅಲೆ ಎದ್ದು ಲೋಹಕ್ಕೆ ಬಡಿಯತ್ತೆ. ನಾವು ನಾಕಿಂಗ್ ಅನ್ನೋದು ಅದನ್ನೇ. ತಗಡಿನ ಡಬ್ಬಕ್ಕೆ ನಾಲ್ಕು ಕಲ್ಲು ಹಾಕಿ ಅಲ್ಲಾಡಿಸಿದ ಹಂಗೆ ಸದ್ದು ಬರತ್ತೆ, ಅದೂ ಏರಿನಲ್ಲಿ, ಲೋಡ್ ಇದ್ದಾಗ, ಆಕ್ಸಿಲರೇಟರ್ ಒತ್ತಿದಾಗ.

ಆಕ್ಟೇನ್ ನಂಬರ್ ಅಂದ್ರೆ ಪೆಟ್ರೋಲಿನ ಆ ತಡ್ಕೊಳ್ಳೋ ಗುಣದ ಅಳತೆ. ಐಸೊಆಕ್ಟೇನ್ ಅನ್ನೋ ದ್ರವಕ್ಕೆ 100 ಅಂತ, ಹೆಪ್ಟೇನ್‌ಗೆ 0 ಅಂತ ಇಟ್ಕೊಂಡಿದ್ದಾರೆ. 95 ಅಂದ್ರೆ ಪರೀಕ್ಷೆ ಎಂಜಿನ್ನಲ್ಲಿ ಈ ಪೆಟ್ರೋಲು, ಐಸೊಆಕ್ಟೇನ್ 95 ಭಾಗ, ಹೆಪ್ಟೇನ್ 5 ಭಾಗ ಬೆರೆಸಿದ ದ್ರವದಷ್ಟೇ ತಡ್ಕೊಳ್ಳತ್ತೆ ಅಂತ, ಅಷ್ಟೇ. ಶಕ್ತಿ ಎಷ್ಟಿದೆ ಅಂತ ಅಲ್ಲ, ಶುದ್ಧ ಎಷ್ಟು ಅಂತಾನೂ ಅಲ್ಲ.

ಭಾವ, ಇದು ನಿಮಗೆ. ನಂಬರ್ ದೊಡ್ಡದಾದ್ರೆ ಪೆಟ್ರೋಲಲ್ಲಿ ಕಸುವು ಜಾಸ್ತಿ ಅಂದ್ಕೊಂಡಿದ್ದೀರಲ್ಲ, ಎಥನಾಲ್ ತಗೊಳ್ಳಿ. ಅದರ ಆಕ್ಟೇನ್ 100 ದಾಟತ್ತೆ. ಆದ್ರೆ ಒಂದು ಲೀಟರಿನಲ್ಲಿರೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ತಡ್ಕೊಳ್ಳೋ ಗುಣ ಬೇರೆ, ಕಸುವು ಬೇರೆ.

ಕ್ಲೀನಾಗಿರತ್ತೆ ಅನ್ನೋದಕ್ಕೂ ಉತ್ತರ ಇದೆ, ಇದು ನನ್ನ ಮನಸ್ಸಿಗೆ ತುಂಬಾ ತಟ್ಟಿದ ವಿಷಯ. 1921ರಲ್ಲಿ ಅಮೆರಿಕದಲ್ಲಿ ಥಾಮಸ್ ಮಿಡ್ಜ್‌ಲಿ ಅನ್ನೋರು ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್, ಅಂದ್ರೆ ಸೀಸದ ಸಂಯುಕ್ತ, ಚೂರು ಬೆರೆಸಿದ್ರೆ ನಾಕಿಂಗ್ ನಿಲ್ಲತ್ತೆ ಅಂತ ಕಂಡುಹಿಡಿದ್ರು. ಆಮೇಲೆ ದಶಕಗಳ ಕಾಲ ಜಗತ್ತಿನ ತುಂಬಾ ಆಕ್ಟೇನ್ ಏರಿಸಿದ್ದು ಅದೇ ಸೀಸ. ಪ್ಲಗ್ ಮೇಲೆ ಕೂತು ಪ್ಲಗ್ ಕೆಡಿಸ್ತು, ಹೊಗೆ ಜೊತೆ ಹೊರಗೆ ಬಂದು ಮಕ್ಕಳ ರಕ್ತ ಸೇರ್ತು. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರೋದು ಜಗತ್ತಲ್ಲಿ ಪೂರ್ತಿ ನಿಂತಿದ್ದು 2021ರಲ್ಲಿ, ಕೊನೆಗೆ ಬಿಟ್ಟಿದ್ದು ಅಲ್ಜೀರಿಯಾ. ಆಕ್ಟೇನ್ ಜಾಸ್ತಿ ಅಂದ್ರೆ ಕ್ಲೀನು ಅಂತ ಯಾರಾದ್ರೂ ಅಂದ್ರೆ ನಂಗೆ ಈ ನೂರು ವರ್ಷದ ಕಥೆ ನೆನಪಾಗತ್ತೆ. ಎಂಜಿನ್ ಒಳಗೆ ಕೊಳೆ ಕೂರದ ಹಾಗೆ ನೋಡ್ಕೊಳ್ಳೋದು ಡಿಟರ್ಜೆಂಟ್ ಅನ್ನೋ ಬೇರೆ ಸೇರ್ಪಡೆ. ಕೆಲವು ಕಂಪನಿಯವರು ದುಬಾರಿ ಪೆಟ್ರೋಲಿಗೆ ಅದನ್ನ ಜಾಸ್ತಿ ಹಾಕ್ತಾರೆ ನಿಜ, ಆದ್ರೆ ಆ ಉಪಕಾರ ಡಿಟರ್ಜೆಂಟಿಂದು, ನಂಬರಿಂದಲ್ಲ.

ಈಗ ಭಾವನ ಗಾಡಿ. ಅದರಲ್ಲಿ ಟರ್ಬೊ ಇಲ್ಲ, ಮುಚ್ಚಳದ ಮೇಲೆ 91 ಅಂತಾನೇ ಬರೆದಿದೆ, ನಾನೇ ನೋಡಿದ್ದೀನಿ. 91ರಲ್ಲಿ ನಾಕಿಂಗ್ ಬರ್ದೇ ಇರೋ ಹಾಗೆ ಅದರ ಕಂಪ್ರೆಷನ್ನು, ಅಂದ್ರೆ ಪಿಸ್ಟನ್ ಎಷ್ಟು ಒತ್ತಬೇಕು ಅನ್ನೋದು, ಟೈಮಿಂಗು, ಅಂದ್ರೆ ಕಿಡಿ ಯಾವಾಗ ಹಾಕಬೇಕು ಅನ್ನೋದು, ಎಲ್ಲಾ ಕೂರ್ಸಿದ್ದಾರೆ. ಅದಕ್ಕೆ 98 ಹಾಕ್ಸಿದ್ರೆ ಹಾಳೇನೂ ಆಗಲ್ಲ, ಲಾಭವೂ ಇಲ್ಲ. 2016ರಲ್ಲಿ ಅಮೆರಿಕದ ವಾಹನ ಮಾಲೀಕರ ಸಂಘ ಎಎಎ, ಸಾಮಾನ್ಯ ಪೆಟ್ರೋಲಿಗೇ ಮಾಡಿದ ಗಾಡಿಗಳಿಗೆ ಪ್ರೀಮಿಯಂ, ಅಂದ್ರೆ ದೊಡ್ಡ ನಂಬರಿನ ಪೆಟ್ರೋಲ್, ಹಾಕಿ ಪರೀಕ್ಷೆ ಮಾಡ್ತು. ಪವರಲ್ಲೂ ಮೈಲೇಜಲ್ಲೂ ಹೊಗೆಯಲ್ಲೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಸಿಗ್ಲಿಲ್ಲ. ಭಾವ, ಆ ದುಡ್ಡಲ್ಲಿ ಆಯಿಲ್ಲು, ಏರ್ ಫಿಲ್ಟರ್ರು ಹೊತ್ತಿಗೆ ಸರಿಯಾಗಿ ಬದಲಾಯಿಸಿ, ಗಾಡಿ ನಿಮ್ಮ ಕೈ ಬಿಡಲ್ಲ.

ಆದ್ರೆ ಅಣ್ಣ, ಪುಟ್ಟಿಗೆ ನೀನು ಹೇಳಿದ್ದೂ ಸರಿಯಲ್ಲ. ಅವಳದು ಟರ್ಬೊ. ಟರ್ಬೊ ಗಾಳಿನ ಮೊದಲೇ ಒತ್ತಿ ಒಳಗೆ ತುಂಬತ್ತೆ, ಆಮೇಲೆ ಪಿಸ್ಟನ್ ಇನ್ನೂ ಒತ್ತತ್ತೆ. ಪೆಟ್ರೋಲು ಎರಡೆರಡು ಸಲ ತಡ್ಕೋಬೇಕು. ಈಗಿನ ಗಾಡಿಗಳಲ್ಲಿ ನಾಕ್ ಸೆನ್ಸರ್ ಇರತ್ತೆ. ನಾಕಿಂಗ್ ನಮ್ಮ ಕಿವಿಗೆ ಬೀಳೋ ಮುಂಚೆನೇ ಅದಕ್ಕೆ ಗೊತ್ತಾಗಿ, ಕಂಪ್ಯೂಟರ್ ಸ್ಪಾರ್ಕನ್ನ ಚೂರು ತಡ ಮಾಡತ್ತೆ, ಟರ್ಬೊ ಒತ್ತಡನೂ ಇಳಿಸತ್ತೆ. ಅದಕ್ಕೇ ಕಮ್ಮಿ ನಂಬರ್ ಹಾಕ್ಸಿದ್ರೂ ಗಾಡಿ ಓಡತ್ತೆ, ಏನೂ ಆಗಿಲ್ಲ ಅನ್ಸತ್ತೆ. ಆದ್ರೆ ಸ್ಪಾರ್ಕ್ ತಡ ಆದಷ್ಟೂ ಪಿಕಪ್ ಇಳಿಯತ್ತೆ, ಶಾಖ ಕೆಲಸಕ್ಕೆ ಬರ್ದೆ ಸೈಲೆನ್ಸರ್ ಕಡೆ ಹೋಗತ್ತೆ, ಮೈಲೇಜು ಇಳಿಯತ್ತೆ. ಬಂಕಿನಲ್ಲಿ ಉಳಿಸಿದ್ದು ರಸ್ತೇಲಿ ಹೋಗತ್ತೆ. ಅದೇ ಎಎಎ 2017ರಲ್ಲಿ, ಪ್ರೀಮಿಯಂ ಹಾಕಿದ್ರೆ ಒಳ್ಳೇದು ಅಂತ ಕಂಪನಿಯೇ ಹೇಳಿರೋ ಗಾಡಿಗಳನ್ನ ಪರೀಕ್ಷೆ ಮಾಡಿದಾಗ ಮೈಲೇಜು ಸರಾಸರಿ ಶೇಕಡಾ 2.7 ಜಾಸ್ತಿ ಬಂತು. ಸಣ್ಣದೇ, ಆದ್ರೆ ನಿಜವಾದ ವ್ಯತ್ಯಾಸ.

ಪುಟ್ಟಿ, ಇಲ್ಲಿ ಒಂದು ಪದ ಗಮನ ಇಟ್ಟು ನೋಡ್ಬೇಕು. ಮುಚ್ಚಳದ ಮೇಲೆ, ಪುಸ್ತಕದಲ್ಲಿ, "ಕನಿಷ್ಠ 95" ಅಂತಿದ್ರೆ ಅದಕ್ಕಿಂತ ಕೆಳಗೆ ಇಳೀಲೇಬೇಡ, ಅದು ಅಪ್ಪಣೆ. "95 ಶಿಫಾರಸು, ಕನಿಷ್ಠ 91" ಅಂತಿದ್ರೆ ನಿಂಗೆ ಆಯ್ಕೆ ಇದೆ. ದಿನಾ ಒಬ್ಬಳೇ ಆಫೀಸಿಗೆ ಹೋಗಿ ಬರೋವಾಗ 91 ಸಾಕು, ಜನ ತುಂಬ್ಕೊಂಡು ಘಾಟಿ ಹತ್ತೋವಾಗ, ಕಡು ಬೇಸಿಗೇಲಿ ದೂರ ಹೋಗೋವಾಗ 95 ಹಾಕ್ಸು. ಬರೀ 91 ಅಂತಿದ್ರೆ ಟರ್ಬೊ ಆದ್ರೂ 91 ಸಾಕು, ಹೆದರ್ಬೇಡ, ಅದನ್ನ ಮಾಡಿದವರಿಗೆ ಗೊತ್ತಿರತ್ತೆ. 98 ಬೇಕು ಅಂತ ಕೇಳೋ ಗಾಡಿಗಳು ಇವೆ, ನಮ್ಮಂಥವರ ದಿನನಿತ್ಯದ ಗಾಡಿಗಳಲ್ಲಿ ಅಪರೂಪ.

ಇನ್ನೊಂದು. ಅಮೆರಿಕದಲ್ಲಿರೋ ನಮ್ಮ ಹುಡುಗ ಮೊನ್ನೆ ಇದೇ ಗುಂಪಲ್ಲಿ "ನಾವಿಲ್ಲಿ 87 ಹಾಕಿಸ್ತೀವಿ" ಅಂದಿದ್ದ. ಅದನ್ನ ಕೇಳಿ ಯಾರೂ 91ಕ್ಕಿಂತ ಕೆಳಗೂ ನಡಿಯತ್ತೆ ಅಂದ್ಕೋಬೇಡಿ. ಅಲ್ಲಿ ಅಳೆಯೋ ರೀತಿ ಬೇರೆ. ಆರ್‌ಓಎನ್ ಅನ್ನೋದು ಹಗುರ ಪರೀಕ್ಷೆ, ಎಂಓಎನ್ ಅನ್ನೋದು ಕಠಿಣ ಪರೀಕ್ಷೆ. ಅವರು ಎರಡರ ಸರಾಸರಿ ಬರೀತಾರೆ, ತುಂಬಾ ದೇಶಗಳು ಬರೀ ಆರ್‌ಓಎನ್ ಬರೀತವೆ. ಅವರ 87, ಆರ್‌ಓಎನ್ ಲೆಕ್ಕದಲ್ಲಿ ಹತ್ತಿರಹತ್ತಿರ 91. ಹಾಗಾಗಿ ನಂಬರ್ ಜೊತೆ RON ಅನ್ನೋ ಆ ಮೂರು ಅಕ್ಷರನೂ ನೋಡು.

ನಿಮ್ಮಜ್ಜನ ಕಾರಿನ ಕಥೆ ಹೇಳ್ದೆ ಮುಗ್ಸೋಕಾಗಲ್ಲ. ನಾನು ಆಗಿನ್ನೂ ಕೆಲಸ ಕಲೀತಿದ್ದೆ. ಅಪ್ಪನ ಕಾರು ಏರಿನಲ್ಲಿ ಕಟಕಟ ಅನ್ನೋಕೆ ಶುರು ಮಾಡ್ತು. ಅಪ್ಪ ಯಾವಾಗ್ಲೂ ಬಿಡ್ತಿದ್ದ ಒಂದು ಗ್ಯಾರೇಜಿನವರು "ಪೆಟ್ರೋಲ್ ಬದಲಾಯಿಸಿ, ದೊಡ್ಡ ನಂಬರ್ ಹಾಕ್ಸಿ" ಅಂದ್ರು. ಹಾಕ್ಸಿದ್ರು, ಸದ್ದು ನಿಲ್ತು, ಎಲ್ರಿಗೂ ಸಮಾಧಾನ. ನಿಜವಾದ ತೊಂದರೆ ಇದ್ದಿದ್ದು ಎಂಜಿನ್ ತಣ್ಣಗಿಡೋ ರೇಡಿಯೇಟರಲ್ಲಿ. ಅರ್ಧ ಕಟ್ಕೊಂಡಿತ್ತು, ಎಂಜಿನ್ ಇರಬೇಕಾದ್ದಕ್ಕಿಂತ ಬಿಸಿಯಾಗೇ ಓಡ್ತಿತ್ತು, ಆ ಬಿಸಿಗೇ ನಾಕಿಂಗ್ ಬರ್ತಿದ್ದಿದ್ದು. ದೊಡ್ಡ ನಂಬರಿನ ಪೆಟ್ರೋಲು ಸದ್ದನ್ನ ಮುಚ್ತು, ರೋಗ ಒಳಗೇ ಬೆಳೀತು. ಕೆಲವು ತಿಂಗಳಾದ ಮೇಲೆ ನಡುರಸ್ತೇಲಿ ಹೆಡ್ ಗ್ಯಾಸ್ಕೆಟ್, ಅಂದ್ರೆ ಎಂಜಿನ್ ತಲೆ ಕೂರೋ ಜಾಗದ ಸೀಲು, ಹೋಗಿ ಹೊಗೆ ಎದ್ದಾಗ್ಲೇ ನಮಗೆ ಗೊತ್ತಾಗಿದ್ದು. ಅಪ್ಪ ಆ ಕಾರನ್ನ ಎಷ್ಟು ಜೋಪಾನ ಮಾಡ್ತಿದ್ರು ಅಂತ ನಿಮ್ಮಪ್ಪನ್ನ ಕೇಳು. ಅವತ್ತಿಂದ ನಾಕಿಂಗ್ ಅಂತ ಯಾರು ಬಂದ್ರೂ ನಾನು ಮೊದಲು ನೋಡೋದು ಕೂಲೆಂಟ್, ಆಮೇಲೆ ಪ್ಲಗ್ಗು, ಆಮೇಲೆ ಒಳಗಿನ ಕಾರ್ಬನ್ನು. ಸರಿಯಾದ ನಂಬರ್ ಹಾಕಿಯೂ ಸದ್ದು ಬಂದ್ರೆ ಗಾಡಿ ಏನೋ ಹೇಳ್ತಿದೆ ಅಂತ ತಿಳ್ಕೋ. ಅದರ ಬಾಯಿ ಮುಚ್ಚಿಸೋಕೆ ಹೋಗ್ಬೇಡ.

ನಿನ್ನ ಗಾಡಿ ಓಡಿಸೋ ರೀತಿ ಬಗ್ಗೆನೂ ಒಂದು ಮಾತು. ನಾಲ್ಕನೇ ಗೇರಲ್ಲಿ ಮೆಲ್ಲಗೆ ಹೋಗ್ತಾ ಇದ್ದು ಏರು ಬಂದ್ರೆ ಗೇರ್ ಇಳಿಸದೇ ಆಕ್ಸಿಲರೇಟರ್ ಒತ್ತಿಬಿಡ್ತೀಯ, ನಾನು ಪಕ್ಕದಲ್ಲಿ ಕೂತು ನೋಡಿದ್ದೀನಿ. ಟರ್ಬೊ ಎಂಜಿನ್‌ಗೆ ಅದಕ್ಕಿಂತ ಹಿಂಸೆ ಇನ್ನೊಂದಿಲ್ಲ. ಎಂಜಿನ್ ತಿರುಗೋ ವೇಗ, ಅಂದ್ರೆ ಆರ್‌ಪಿಎಂ, ಕಮ್ಮಿ, ಲೋಡು ಜಾಸ್ತಿ. ಅಂಥ ಹೊತ್ತಲ್ಲಿ ಸ್ಪಾರ್ಕ್ ಬರೋ ಮುಂಚೆನೇ ಪೆಟ್ರೋಲ್ ಹೊತ್ಕೊಳ್ಳೋ ಇನ್ನೊಂದು ಕಾಯಿಲೆ ಇದೆ, ಪೆಟ್ರೋಲನ್ನ ನೇರವಾಗಿ ಸಿಲಿಂಡರಿಗೇ ಚಿಮ್ಮಿಸೋ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಪಿಸ್ಟನ್ನೇ ಒಡೆದಿರೋದುಂಟು. ಆಕ್ಟೇನ್ ಏರಿಸಿದ ಮಾತ್ರಕ್ಕೆ ಅದು ಹೋಗಲ್ಲ. ಗೇರ್ ಇಳಿಸು, ಕಂಪನಿ ಹೇಳಿದ ಗ್ರೇಡಿನ ಆಯಿಲ್ಲೇ ಹಾಕ್ಸು.

ಗೊತ್ತಿಲ್ದೆ ಒಂದ್ಸಲ ಕಮ್ಮಿ ನಂಬರ್ ಹಾಕ್ಸಿಬಿಟ್ರೆ ಗಾಬರಿ ಬೇಡ, ಟ್ಯಾಂಕ್ ಖಾಲಿ ಮಾಡ್ಸೋ ಅಗತ್ಯನೂ ಇಲ್ಲ. ಆ ಪೆಟ್ರೋಲ್ ಮುಗಿಯೋವರೆಗೂ ನಿಧಾನವಾಗಿ ಓಡ್ಸು, ಮಧ್ಯ 98 ಸೇರ್ಸು. 91 ಇಪ್ಪತ್ತು ಲೀಟರು, 95 ಇಪ್ಪತ್ತು ಲೀಟರು ಸೇರಿದ್ರೆ ಸುಮಾರು 93 ಆಗತ್ತೆ, ಹಂಗೇ ಲೆಕ್ಕ ಹಾಕ್ಕೋ. ಪೆಟ್ರೋಲ್ ಗಾಡಿಗೆ ಡೀಸೆಲ್ ಹಾಕಿದ್ರೆ ಮಾತ್ರ ಸ್ಟಾರ್ಟೇ ಮಾಡ್ಬೇಡ, ಅದು ಬೇರೆ ಮಾತು. ನಂಬರ್ ಏರಿಸೋಕೆ ಟ್ಯಾಂಕಿಗೆ ಸುರಿಯೋ ಆಕ್ಟೇನ್ ಬೂಸ್ಟರ್ ಬಾಟಲಿ ತಗೋಬೇಡ. ಅದರ ಮೇಲೆ "5 ಪಾಯಿಂಟ್ ಏರತ್ತೆ" ಅಂತಿದ್ರೆ ಎಷ್ಟೋ ಸಲ ಅಲ್ಲಿ ಒಂದು ಪಾಯಿಂಟ್ ಅಂದ್ರೆ ನಂಬರಿನ ಹತ್ತನೇ ಒಂದು ಭಾಗ, ಹಾಗಾಗಿ ಏರೋದು ಅರ್ಧ ನಂಬರ್ ಅಷ್ಟೇ, 95 ಇದ್ದಿದ್ದು 95.5.

ಈಗ ನೀನು ಮಾಡ್ಬೇಕಾದ್ದು ಒಂದೇ. ಪೆಟ್ರೋಲ್ ಹಾಕೋ ಮುಚ್ಚಳ ತೆಗಿ, ಒಳಗಡೆ ಸ್ಟಿಕ್ಕರ್ ಇರತ್ತೆ, ಧೂಳಿದ್ರೆ ಒರೆಸಿ, ಅಕ್ಷರ ಕಾಣೋ ಹಾಗೆ ಫೋಟೋ ತೆಗೆದು ಇಲ್ಲೇ ಹಾಕು. ಸ್ಟಿಕ್ಕರ್ ಕಿತ್ತು ಹೋಗಿದ್ರೆ ಕಾರಿನ ಮಾಡೆಲ್ಲು, ಇಸವಿ, ಎಂಜಿನ್ ಯಾವುದು ಅಂತ ಬರಿ, ಪುಸ್ತಕ ನಾನು ಹುಡುಕಿ ಕೊಡ್ತೀನಿ. ಇವತ್ತೇ ಟ್ಯಾಂಕ್ ತುಂಬಿಸ್ಲೇಬೇಕು ಅಂತಿದ್ರೆ 95 ಹಾಕ್ಸಿರು, ಉಳಿದಿದ್ದು ಫೋಟೋ ನೋಡಿ ಹೇಳ್ತೀನಿ.